ಮೂರನೆಯ ಎಜಿದಿಯೊ

ರೊಕ್ಕನೆರಾ, ಸಿಸಿಲಿ
6 ಫೆಬ್ರವರಿ 1938

ತಮ್ಮ ಸಾರೊ,

ನಿನ್ನ ಪತ್ರ ಮಂಗಳವಾರ ಕೈಸೇರಿತು. ಅಪ್ಪ ಅಂಗಡಿಯಲ್ಲಿ ಪೀಪಾಯಿಗೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದ. ಪತ್ರ ಬಂತು ಅಂತ ನಾನು ಬಾಗಿಲಿನಿಂದಲೇ ಕೂಗಿದರೆ, ಸುತ್ತಿಗೆಯನ್ನೂ ಕೆಳಗಿಡದೆ ಓದು ಎಂದ. ಡಿಸೆಂಬರ್ ಒಂಬತ್ತಕ್ಕೆ ಗಂಡುಮಗು ಹುಟ್ಟಿತು, ತಾಯಿ ಮಗು ಚೆನ್ನಾಗಿದ್ದಾರೆ. ಇಷ್ಟೇ ತಾನೇ ನೀನು ಬರೆದದ್ದು? ಮಿಕ್ಕಿದ್ದೆಲ್ಲ ಕಬ್ಬು, ಮಳೆ, ಗದ್ದೆಯ ಇಲಿಗಳ ಕಾಟ. ಮಿಕ್ಕಿದ್ದನ್ನು ಅಪ್ಪ ಕೇಳಿಸಿಕೊಳ್ಳಲೇ ಇಲ್ಲ ಬಿಡು. ಮರದ ಹೊಟ್ಟಿನ ಮೇಲೆ ಕೂತುಬಿಟ್ಟ. ನಮ್ಮ ಅಣ್ಣ ತುರಿ ಅಬಿಸೀನಿಯಾದ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗಲೂ ಅವನು ಹೀಗೆ ನೆಲಕ್ಕೆ ಕೂತದ್ದನ್ನು ನಾನು ನೋಡಿರಲಿಲ್ಲ.

ಮಗುವಿನ ಹೆಸರು ನೀನು ಬರೆದಿಲ್ಲ ಎಂದು ನಮಗೆ ಹೊಳೆದದ್ದು ಕೂಡ ರಾತ್ರಿ ಊಟಕ್ಕೆ ಕೂತಾಗಲೇ. ನಕ್ಕುಬಿಟ್ಟೆವು. ಅದನ್ನು ಬರೆಯುವುದೇನಿದೆ? ಮೊದಲ ಗಂಡುಮಗನಿಗೆ ತಂದೆಯ ತಂದೆಯ ಹೆಸರು. ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಯಾರಾದರೂ ಕಾಗದ ಹಾಕಿ ತಿಳಿಸುತ್ತಾರೆಯೇ?

ಮಾರನೆಯ ದಿನ ಬುಧವಾರ, ಕ್ಷೌರದ ದಿನವೇ ಅಲ್ಲ. ಆದರೂ ಅಪ್ಪ ಹೋಗಿ ಗಡ್ಡ ಮಾಡಿಸಿಕೊಂಡ. ಚೌಕದಲ್ಲಿ ನಿಂತು ಬಂದವರಿಗೆಲ್ಲ ಹುರಿಗಡಲೆ, ವೈನು ಹಂಚಿದ. "ಇಬ್ಬರು ಎಜಿದಿಯೊ ಇದ್ದೀವಿ ಈಗ. ಒಬ್ಬನ್ನ ಹೊತ್ಕೊಂಡು ಹೋದ್ರೂ ಇನ್ನೊಬ್ಬ ಇರ್ತಾನೆ" ಅಂತ ಪಾದ್ರಿಗೇ ಹೇಳಿದನಂತೆ. ತುರಿ ಮಕ್ಕಳಿಲ್ಲದೆ ಹೋದ. ನಾನಂತೂ ಮದುವೆಯಾಗದೆ ಉಳಿದವಳು, ಆಗಿದ್ದರೂ ಹೆಣ್ಣಿನಿಂದ ಆ ಹೆಸರು ಮುಂದೆ ಹೋಗುವುದಿಲ್ಲ. ಇಷ್ಟು ವರ್ಷ ಅಪ್ಪ ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೆ. ಫಿಲಿಪ್ಪಾ ನಿನ್ನ ಹೆಂಡತಿಯಾಗಿ ಇಲ್ಲಿಂದ ಹಡಗು ಹತ್ತಿ ಏಳು ವರ್ಷವಾಗುತ್ತಾ ಬಂತು. ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಹೆಂಗಸರು ಬಾಯಿಗೆ ಬಂದಂತೆ ಆಡಿಕೊಂಡರು, ಬರಡು ಮರವನ್ನು ಕಟ್ಟಿಕೊಂಡ ಎಂದರು. ಈಗ ಎಲ್ಲರ ಬಾಯಿ ಮುಚ್ಚಿತು. ಅವಳಿಗೆ ಹೇಳು.

ನಮ್ಮ ಎಜಿದಿಯೊ ಯಾರನ್ನು ಹೋಲುತ್ತಾನೆ, ಬರೆ.

ನಿನ್ನ ಅಕ್ಕ,
ವೆನೆರಾ


ಇನ್ನಿಸ್‌ಫೇಲ್ ಹತ್ತಿರ, ಕ್ವೀನ್ಸ್‌ಲೆಂಡ್
3 ಏಪ್ರಿಲ್ 1938

ಅಕ್ಕಾ,

ಈ ಪತ್ರವನ್ನು ಅಪ್ಪನ ಎದುರು ಓದಬೇಡ. ಅಂಗಡಿಯಲ್ಲಿ ನಿಂತು ಓದುತ್ತಿದ್ದರೆ ಇಲ್ಲಿಗೇ ನಿಲ್ಲಿಸು. ಬೇರೆ ಏನಾದರೂ ಹೇಳಿ, ಒಬ್ಬಳೇ ಇರುವಾಗ ಮುಂದೆ ಓದು.

ಮಗುವಿನ ಹೆಸರು ಎಜಿದಿಯೊ ಅಲ್ಲ. ಲೆಸ್ಲಿ.

ನೀನು ಕೋಪದಿಂದ ಈ ಕಾಗದ ಮುದುರುವ ಮೊದಲು ಇದನ್ನೂ ಕೇಳು. ಇವನು ನಮ್ಮ ಮೊದಲ ಮಗನಲ್ಲ. ಮೂರನೆಯವನು. ಮೊದಲನೆಯವನು 1933ರ ಆಗಸ್ಟ್‌ನಲ್ಲಿ ಹುಟ್ಟಿದ. ಎಜಿದಿಯೊ ಎಂದೇ ಹೆಸರಿಟ್ಟೆವು. ಹನ್ನೊಂದು ದಿನ ಇದ್ದ. ನಿಮಗೆ ಬರೆದ ಪತ್ರ ಇನ್ನೂ ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಪೇಟೆಗೆ ಹೋದಾಗ ಹಾಕೋಣ ಎಂದುಕೊಂಡಿದ್ದೆ. ಅದನ್ನು ಹರಿದು ಹಾಕಿದೆ. ಎರಡನೆಯವನು ಹುಟ್ಟಿದಾಗಲೂ ನಮ್ಮೂರಿನಲ್ಲಿ ಮಾಡುವ ಹಾಗೆ ಸತ್ತ ಮಗುವಿನ ಹೆಸರನ್ನೇ ಇಟ್ಟೆವು. ಈ ಸಲ ಅವಸರ ಬೇಡ, ಮೊದಲ ಹಲ್ಲು ಬಂದ ಮೇಲೆ ಬರೆಯೋಣ ಎಂದು ಫಿಲಿಪ್ಪಾ ಹೇಳಿದಳು. ನಾಲ್ಕು ತಿಂಗಳಾದಾಗ ಜ್ವರ ಬಂತು. ಹೊಳೆ ತುಂಬಿ ರಸ್ತೆ ಮುಳುಗಿತ್ತು. ಮೂರನೆಯ ದಿನ ವೈದ್ಯರು ಬಂದು ತಲುಪಿದಾಗ ಕೆಲಸವೇನೂ ಉಳಿದಿರಲಿಲ್ಲ. ಪಕ್ಕದ ತೋಟದ ಕಾರಿಗನ್ ಪೆಟ್ಟಿಗೆ ಮಾಡಿಕೊಟ್ಟ. ನಾನು ಪೀಪಾಯಿ ಮಾಡುವವನ ಮಗ, ಆದರೂ ಆ ದಿನ ನನ್ನ ಕೈಗೆ ಗರಗಸ ಹಿಡಿಯಲಾಗಲಿಲ್ಲ.

ಅಕ್ಕಾ, ಮೂರನೆಯವನು ಹೊಟ್ಟೆಯಲ್ಲಿದ್ದಾಗ ಫಿಲಿಪ್ಪಾ ನನ್ನ ಮುಂದೆ ನಿಂತು ಹೇಳಿದಳು: "ಆ ಹೆಸರನ್ನ ಈ ನೆಲ ಎರಡು ಸಲ ತಿಂತು. ಈ ನೆಲಕ್ಕೆ ಗುರುತಿರೋ ಹೆಸರು ಇಡೋಣ. ತನ್ನೋನೇ ಅಂದ್ಕೊಂಡು ಬಿಟ್ಟುಬಿಡ್ಲಿ." ನಾನು ಅತ್ತೆ, ಬೈದೆ, ಕೊನೆಗೆ ಎರಡನೆಯ ಹೆಸರಾಗಿಯಾದರೂ ಇಡೋಣ ಎಂದು ಕೇಳಿಕೊಂಡೆ. ಬಾಲದ ಹಾಗೂ ಬೇಡ ಎಂದಳು. ಹೆರಿಗೆಗೆ ಅವಳನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದವನು ಕಾರಿಗನ್. ಅವನ ಹೆಸರು ಲೆಸ್ಲಿ. ಆ ಹೆಸರಿನ ಹುಡುಗರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ.

ಈಗ ನಮ್ಮ ಮನೆಯಲ್ಲಿ ಅಪ್ಪನ ಹೆಸರು ಎತ್ತುವ ಹಾಗಿಲ್ಲ. ಎತ್ತಿದರೆ ಫಿಲಿಪ್ಪಾ ಎದ್ದು ಹೊರಗೆ ಹೋಗಿಬಿಡುತ್ತಾಳೆ. ಹೆಸರು ಬರೆಯದೆ ಕಳಿಸಿದ್ದು ನನ್ನ ಹೇಡಿತನ. ನೀವೇ ಕೇಳುತ್ತೀರಿ, ಆಗ ಹೇಳೋಣ ಎಂದುಕೊಂಡಿದ್ದೆ. ನೀವು ಕೇಳಲೇ ಇಲ್ಲ.

ಅಪ್ಪನಿಗೆ ಏನು ಹೇಳಬೇಕೋ ನೀನೇ ಹೇಳು. ನನ್ನಿಂದ ಆಗುವುದಿಲ್ಲ. ತೊಟ್ಟಿಯ ಹತ್ತಿರದ ಮಾತು ಫಿಲಿಪ್ಪಾಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಸಾರೊ


ರೊಕ್ಕನೆರಾ
29 ಮೇ 1938

ಸಾರೊ,

ನಿನ್ನ ಪತ್ರವನ್ನು ಮೂರು ಸಲ ಓದಿ ಒಲೆಗೆ ಹಾಕಿದೆ. ಅದು ಯಾರ ಕೈಗೂ ಸಿಗಬಾರದು.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ತೊಟ್ಟಿಯ ಹತ್ತಿರ ಆಡಿಕೊಂಡವರಲ್ಲಿ ನಾನೂ ಇದ್ದೆ. ಬರಡು ಎಂಬ ಮಾತು ನನ್ನ ಬಾಯಿಂದಲೂ ಬಂದಿತ್ತು. ಆ ಹೊತ್ತಿಗೆ ಅವಳು ಇಬ್ಬರನ್ನು ಮಣ್ಣು ಮಾಡಿದ್ದಳು. ನನ್ನ ನಾಲಗೆಗೆ ಹುಳ ಬೀಳಬೇಕು. ಅವಳಿಗೆ ಹೇಳಬೇಡ.

ಆದರೆ ನಿನ್ನ ಮೇಲೆ ಸಿಟ್ಟೂ ಇದೆ. ಅಪ್ಪನಿಗೆ ನೀನೇ ಹೇಳು ಎಂದು ಬರೆದುಬಿಟ್ಟೆ. ಹತ್ತು ಸಾವಿರ ಮೈಲಿ ಆಚೆ ಕೂತು ಬರೆಯುವುದು ಸುಲಭ. ಇಲ್ಲಿ ಅಪ್ಪ ದಿನಾ ಸಂಜೆ ಕೈಕಾಲು ತೊಳೆದುಕೊಂಡು ಎದುರಿಗೆ ಕೂರುತ್ತಾನೆ. ಹುಡುಗನಿಗಾಗಿ ಒಂದು ಪುಟ್ಟ ಪೀಪಾಯಿ ಮಾಡುತ್ತಿದ್ದಾನೆ, ಚೆಸ್ಟ್‌ನಟ್ ಮರದ್ದು. ಎಪ್ಪತ್ತಕ್ಕೆ ಹತ್ತಿರವಾದ ಮುದುಕ ಹಲಗೆಯನ್ನು ಕೆನ್ನೆಗೆ ಒತ್ತಿ ನುಣುಪು ನೋಡುವಾಗ ಅವನಿಗೆ ಏನಂತ ಹೇಳಲಿ? ನಿನ್ನ ಹೆಸರನ್ನು ಎರಡು ಸಲ ಹೂತು ಬಂದಿದ್ದಾರೆ, ಮೂರನೆಯ ಸಲ ಬೇಡ ಎಂದರಂತೆ ಎಂದೇ?

ಹೇಳಲಿಲ್ಲ. ಎಜಿದಿಯೊ ಚೆನ್ನಾಗಿದ್ದಾನೆ, ಮೂಗು ನಿನ್ನದೇ ಎಂದು ಓದಿದೆ. ಅಪ್ಪ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡ.

ಇನ್ನು ಮುಂದೆ ನೀನು ನಿಜವಾದ ಹೆಸರನ್ನೇ ಬರೆ, ಅಪ್ಪನಿಗೆ ಹೇಗೂ ಓದಲು ಬರುವುದಿಲ್ಲ, ನಾನು ಓದುವಾಗ ಬದಲಾಯಿಸಿಕೊಳ್ಳುತ್ತೇನೆ. ನಮ್ಮಿಬ್ಬರಲ್ಲೇ ಇರಲಿ. ಅಪ್ಪ ಇನ್ನೆಷ್ಟು ದಿನ ಇದ್ದಾನು?

ವೆನೆರಾ


ಇನ್ನಿಸ್‌ಫೇಲ್ ಹತ್ತಿರ
1 ಮೇ 1940

ಅಕ್ಕಾ,

ಫೋಟೊ ಕಳಿಸುತ್ತಿದ್ದೇನೆ. ಲೆಸ್ಲಿಗೆ ಎರಡೂವರೆ ವರ್ಷ. ಅಪ್ಪ, ಅಮ್ಮ, ರೊಟ್ಟಿ, ನಾಯಿ, ಇವಿಷ್ಟನ್ನೂ ನಮ್ಮ ಮಾತಿನಲ್ಲೇ ಹೇಳುತ್ತಾನೆ. ಫೋಟೊದ ಹಿಂದೆ ಅಂಗಡಿಯವನು ಅವನ ಹೆಸರು ಬರೆದಿದ್ದಾನೆ. ಅಪ್ಪ ಅದನ್ನು ಊರಿಗೆಲ್ಲ ತೋರಿಸುತ್ತಾನೆ, ಅವನ ಕೈಗೆ ಕೊಡುವ ಮೊದಲು ನೋಡಿಕೊ.

ಈ ವರ್ಷ ಕಬ್ಬು ಆಳೆತ್ತರ ಬಂದಿದೆ. ಪೇಟೆಯಲ್ಲಿ ಮಾತ್ರ ಜನ ನಮ್ಮ ಜೊತೆ ಮಾತು ಕಡಿಮೆ ಮಾಡಿದ್ದಾರೆ. ಇಟಲಿ ಯುದ್ಧಕ್ಕೆ ಇಳಿಯುತ್ತದಂತೆ, ನೀವು ಯಾರ ಕಡೆ ಎಂದು ಬ್ರೆಡ್ಡಿನ ಅಂಗಡಿಯವನು ಕೇಳಿದ. ನಾನು ಕಬ್ಬಿನ ಕಡೆ ಎಂದೆ. ಅವನು ನಗಲಿಲ್ಲ.

ಅಪ್ಪನ ಕೈಗೆ ನನ್ನ ಮುತ್ತು.

ಸಾರೊ


ಇನ್ನಿಸ್‌ಫೇಲ್ ಹತ್ತಿರ
11 ಫೆಬ್ರವರಿ 1945

ಅಕ್ಕಾ,

ನೀನಿದ್ದೀಯೋ ಇಲ್ಲವೋ, ಅಪ್ಪ ಇದ್ದಾನೋ ಇಲ್ಲವೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ನಮ್ಮ ದ್ವೀಪದ ಮೇಲೆ ಬಾಂಬು ಬಿದ್ದದ್ದನ್ನು ಇಲ್ಲಿನ ಪತ್ರಿಕೆಯಲ್ಲಿ ಓದಿದೆವು. ಊರಿನ ಹೆಸರುಗಳನ್ನು ತಪ್ಪುತಪ್ಪಾಗಿ ಅಚ್ಚು ಹಾಕಿದ್ದರು.

ನಲವತ್ತರ ಜೂನ್‌ನಲ್ಲಿ ಪೊಲೀಸರು ಬಂದು ನನ್ನನ್ನು ಕರೆದುಕೊಂಡು ಹೋದರು. ಹಸುವಿನ ಹಾಲು ಕರೆಯುತ್ತಿದ್ದೆ, ತಂಬಿಗೆ ಕೈಯಲ್ಲೇ ಇತ್ತು. ನಾನು ಈ ದೇಶದ ಪ್ರಜೆ ಎಂದು ಕಾಗದ ತೋರಿಸಿದೆ. ಹೆಸರು ನೋಡಿದರೆ ಸಾಕು, ಕಾಗದ ಬೇಡ ಎಂದರು. ಮೂರೂವರೆ ವರ್ಷ ದಕ್ಷಿಣದ ಮರಳುಗಾಡಿನಂಥ ಜಾಗದಲ್ಲಿ ಮುಳ್ಳುತಂತಿಯ ಒಳಗಿದ್ದೆ. ಹೊಡೆಯಲಿಲ್ಲ, ಉಪವಾಸ ಹಾಕಲಿಲ್ಲ. ಟೊಮೇಟೊ ಬೆಳೆದೆವು. ಅಷ್ಟೇ ಬರೆಯುತ್ತೇನೆ.

ಫಿಲಿಪ್ಪಾ ಒಬ್ಬಳೇ ತೋಟ ಉಳಿಸಿಕೊಂಡಳು. ಅಂಗಡಿಯಲ್ಲಿ ನಮ್ಮ ಮಾತು ಆಡಿದರೆ ಜನ ಬೆನ್ನು ತಿರುಗಿಸುತ್ತಿದ್ದರಂತೆ. ಅದಕ್ಕೆ ಹುಡುಗನ ಎದುರು ಅದನ್ನು ಆಡುವುದನ್ನೇ ಬಿಟ್ಟಳು, ಮನೆಯೊಳಗೂ. ತನಗೆ ಬಂದಷ್ಟು ಹರಕು ಇಂಗ್ಲಿಷಿನಲ್ಲೇ ಅವನನ್ನು ಬೆಳೆಸಿದಳು. ಅವನು ದಿನವಿಡೀ ಕಾರಿಗನ್ ಮಕ್ಕಳ ಜೊತೆ ಇರುತ್ತಿದ್ದ.

ನಾನು ಮನೆಗೆ ಬಂದ ದಿನ ಅವನು ಬೇಲಿಗೆ ಒರಗಿ ನಿಂತಿದ್ದ. ಆರು ವರ್ಷದವನು. ನಾನು ನಮ್ಮ ಮಾತಿನಲ್ಲಿ ಕರೆದೆ, ಅರ್ಥವಾಗಲಿಲ್ಲ. ತಾಯಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಈ ಮನುಷ್ಯ ಎಷ್ಟು ದಿನ ಇರ್ತಾನೆ?" ಎಂದು ಕೇಳಿದ.

ಇದನ್ನು ಅಪ್ಪನಿಗೆ ಓದಬೇಡ.

ಸಾರೊ


ರೊಕ್ಕನೆರಾ
20 ಜೂನ್ 1945

ತಮ್ಮಾ,

ಇದ್ದೇವೆ, ಇಬ್ಬರೂ ಇದ್ದೇವೆ. ನಿನ್ನ ಕೈಬರಹ ಕಂಡು ಅಂಚೆಯವನ ಎದುರೇ ಅತ್ತೆ.

ಜರ್ಮನರು ಹೇಸರಗತ್ತೆಯನ್ನು ಹೊಡೆದುಕೊಂಡು ಹೋದರು, ಒಂದು ಚಳಿಗಾಲ ಕಾಡು ಸೊಪ್ಪು ಬೇಯಿಸಿ ತಿಂದೆವು, ಚರ್ಚಿನ ಗಂಟೆಗೋಪುರ ಬಿತ್ತು. ಅಪ್ಪನಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ನಿನ್ನನ್ನು ಕಟ್ಟಿಹಾಕಿದ್ದ ವಿಷಯ ಹೇಳಿಲ್ಲ. ಅವನಿಗೆ ಬೇಕಾದದ್ದು ಹುಡುಗನ ಸುದ್ದಿ. ಪ್ರತಿ ಸೆಪ್ಟೆಂಬರ್ ಒಂದಕ್ಕೆ, ಸಂತ ಎಜಿದಿಯೊನ ದಿನ, ಊರಿನವರು ಅಪ್ಪನಿಗೆ ಶುಭ ಹೇಳಲು ಬಂದಾಗ ಮೊಮ್ಮಗನಿಗೂ ಹೇಳಿ ಹೋಗುತ್ತಾರೆ. ಅವನ ಪಾಲಿನ ಸಿಹಿ ತಟ್ಟೆಯಲ್ಲೇ ಇರುತ್ತದೆ. ಸಂಜೆ ಅಪ್ಪನೇ ತಿನ್ನುತ್ತಾನೆ.

ಪತ್ರ ಓದುವಾಗ ನಾನು ಸ್ವಲ್ಪ ಉಪ್ಪು ಖಾರ ಸೇರಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಮುದುಕನಿಗೆ ರುಚಿ ಬೇಕಲ್ಲ. ಈ ಸಲ, ನೀನು ಗದ್ದೆಯಿಂದ ಬೇಲಿಯ ಹತ್ತಿರ ಬಂದ ಕೂಡಲೇ ಎಜಿದಿಯೊ ಓಡಿ ಬಂದು ಕಾಲು ತಬ್ಬಿಕೊಂಡ ಎಂದು ಓದಿದೆ. ಪಕ್ಕದ ಮನೆಯವರೂ ಬಂದು ಕೇಳಿದರು. ಎಲ್ಲರೂ ಕಣ್ಣು ಒರೆಸಿಕೊಂಡರು, ಓದುತ್ತಿದ್ದ ನಾನೂ ಒರೆಸಿಕೊಂಡೆ.

ಹುಡುಗ ನಮ್ಮ ಮಾತು ಮತ್ತೆ ಕಲಿಯುತ್ತಾನೆ ಬಿಡು. ರಕ್ತ ಎಲ್ಲಿ ಹೋಗುತ್ತದೆ?

ವೆನೆರಾ


ಇನ್ನಿಸ್‌ಫೇಲ್ ಹತ್ತಿರ
15 ಆಗಸ್ಟ್ 1950

ಅಕ್ಕಾ,

ಗಟ್ಟಿಯಾಗಿ ಕೂತುಕೊಂಡು ಓದು. ನಾವು ಬರುತ್ತಿದ್ದೇವೆ. ಮೂವರೂ. ಮಾರ್ಚ್‌ನಲ್ಲಿ ಸಿಡ್ನಿಯಿಂದ ಹಡಗು, ಏಪ್ರಿಲ್‌ನಲ್ಲಿ ಮೆಸ್ಸಿನಾ. ಟಿಕೆಟು ಕೈಯಲ್ಲಿದೆ. ಫಿಲಿಪ್ಪಾ ಒಪ್ಪಿದ್ದೇ ದೊಡ್ಡದು. ಹತ್ತೊಂಬತ್ತು ವರ್ಷದ ನಂತರ ತನ್ನ ತಾಯಿಯ ಸಮಾಧಿ ನೋಡುತ್ತೇನೆ ಎಂದಳು.

ಲೆಸ್ಲಿಗೆ ಹನ್ನೆರಡು ವರ್ಷ. ಕಾರಿಗನ್ ಮಕ್ಕಳಿಗಿಂತ ಅರ್ಧ ಅಡಿ ಎತ್ತರ. ಚೆಂಡಾಟ, ಮೀನು ಹಿಡಿಯುವುದು, ಇವೆರಡೇ ಅವನ ಪ್ರಪಂಚ. ನಮ್ಮ ಊಟದ ವಾಸನೆ ಬರುತ್ತದೆಂದು ಶಾಲೆಗೆ ಬುತ್ತಿ ಒಯ್ಯುವುದಿಲ್ಲ. ಆದರೆ ಹಡಗು ಎಂದ ಕೂಡಲೇ ಕುಣಿದ. ಅಜ್ಜ ಹೇಗಿದ್ದಾನೆ, ಆ ಜ್ವಾಲಾಮುಖಿ ಬೆಟ್ಟದಲ್ಲಿ ನಿಜವಾಗಿ ಬೆಂಕಿ ಬರುತ್ತದೆಯೇ ಎಂದು ಪ್ರಶ್ನೆ ಮೇಲೆ ಪ್ರಶ್ನೆ. ನಮ್ಮ ಮಾತಿನಲ್ಲಿ ಒಂದು ವಾಕ್ಯ ಕಲಿಸಿದ್ದೇನೆ: "ಆಶೀರ್ವಾದ ಮಾಡು, ಅಜ್ಜಾ." ಕಬ್ಬಿನ ಸಾಲಿನ ನಡುವೆ ಅದನ್ನೇ ಹೇಳಿಕೊಂಡು ತಿರುಗುತ್ತಾನೆ.

ಹೆಸರಿನ ವಿಷಯಕ್ಕೆ ನೀನು ಹೆದರಬೇಡ. ನಾನೇ ಅಪ್ಪನ ಕಾಲ ಬಳಿ ಕೂತು ಎಲ್ಲವನ್ನೂ ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದೆಯೇ ಹೇಳಬೇಕಿತ್ತು. ಬೈದರೆ ಬೈಸಿಕೊಳ್ಳುತ್ತೇನೆ.

ಸಾರೊ


ರೊಕ್ಕನೆರಾ
8 ಅಕ್ಟೋಬರ್ 1950

ತಮ್ಮ ಸಾರೊ,

ನಿನ್ನ ಪತ್ರ ಓದಿ ಆದ ಸಂತೋಷ ಹೇಳತೀರದು. ಆದರೆ ಒಂದು ತೊಂದರೆ ಇದೆ. ಅಪ್ಪನ ಎದೆ ದುರ್ಬಲವಾಗಿದೆ. ವೈದ್ಯರು ಬಂದು ನೋಡಿದರು. ದೊಡ್ಡ ಸಂತೋಷವಾಗಲಿ, ದೊಡ್ಡ ದುಃಖವಾಗಲಿ ಈಗ ಬೇಡವೇ ಬೇಡ, ಹೃದಯ ನಿಂತುಬಿಡಬಹುದು ಎಂದರು. ನೀನು ಬಂದು ಆ ವಿಷಯ ಹೇಳಿ, ಅದರಿಂದ ಏನಾದರೂ ಆದರೆ ನಾವಿಬ್ಬರೂ ಹೇಗೆ ಬದುಕುವುದು?

ಒಂದೆರಡು ವರ್ಷ ತಡೆಯಿರಿ. ಅವನು ಚೇತರಿಸಿಕೊಂಡ ಮೇಲೆ ನಾನೇ ಬರೆಯುತ್ತೇನೆ. ಟಿಕೆಟನ್ನು ವಾಪಸು ತೆಗೆದುಕೊಳ್ಳುತ್ತಾರಲ್ಲವೇ? ನೀವು ಬರುವ ವಿಷಯ ಅಪ್ಪನಿಗೆ ಹೇಳಿಲ್ಲ.

ಅಕ್ಕನ ಮಾತು ಮೀರಬೇಡ.

ವೆನೆರಾ


ಇನ್ನಿಸ್‌ಫೇಲ್ ಹತ್ತಿರ
10 ಡಿಸೆಂಬರ್ 1950

ಅಕ್ಕಾ,

ಟಿಕೆಟು ಹಿಂದಿರುಗಿಸಿದೆ. ಅಪ್ಪನ ಜೀವಕ್ಕಿಂತ ದೊಡ್ಡದೇನಿದೆ? ಫಿಲಿಪ್ಪಾ ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಿ ಬಟ್ಟೆಯನ್ನೆಲ್ಲ ಮತ್ತೆ ಬೀರುವಿನಲ್ಲಿ ಜೋಡಿಸಿದಳು. ಲೆಸ್ಲಿ ಎರಡು ದಿನ ಮುಖ ಊದಿಸಿಕೊಂಡಿದ್ದ. ಈಗ ಕ್ರಿಸ್‌ಮಸ್ ರಜೆ, ಮರೆತಿದ್ದಾನೆ. ಆ ವಾಕ್ಯವನ್ನು ಈಗ ಹೇಳುವುದಿಲ್ಲ.

ಅಪ್ಪನನ್ನು ಚೆನ್ನಾಗಿ ನೋಡಿಕೊ. ನೀನು ಒಬ್ಬಳೇ ಎಷ್ಟು ಹೊರುತ್ತೀಯಾ ಎಂದು ನನಗೆ ಗೊತ್ತು. ನಿನ್ನ ಋಣ ತೀರಿಸಲಾರೆ.

ಸಾರೊ


ರೊಕ್ಕನೆರಾ
3 ನವೆಂಬರ್ 1951

ಸಾರೊ,

ತಂತಿ ತಲುಪಿರಬೇಕು. ಅಪ್ಪ ಸೆಪ್ಟೆಂಬರ್ ಏಳರಂದು ಹೋದ. ಊರಿನ ಗೋಡೆಗಳಿಗೆ ಅಂಟಿಸಿದ ಕಪ್ಪು ಅಂಚಿನ ಮರಣಪತ್ರದ ಒಂದು ಪ್ರತಿ ಇದರೊಳಗೆ ಇಟ್ಟಿದ್ದೇನೆ. ಎರಡು ತಿಂಗಳಿಂದ ಪತ್ರ ಬರೆಯಲು ಕೂತು ಏಳುತ್ತಿದ್ದೇನೆ. ಇವತ್ತು ಬರೆದೇ ಏಳುತ್ತೇನೆ.

ಅಪ್ಪನ ಎದೆಗೆ ಏನೂ ಆಗಿರಲಿಲ್ಲ. ಯಾವ ವೈದ್ಯರೂ ಬಂದಿರಲಿಲ್ಲ. ನಿಮ್ಮನ್ನು ತಡೆದದ್ದು ನಾನು.

ಯಾಕೆಂದು ಹೇಳುತ್ತೇನೆ. ಉಪ್ಪು ಖಾರ ಸೇರಿಸುತ್ತೇನೆ ಎಂದು ಬರೆದಿದ್ದೆನಲ್ಲ, ಅದು ಅಷ್ಟಕ್ಕೇ ನಿಂತಿರಲಿಲ್ಲ. ಯುದ್ಧದ ಐದು ವರ್ಷ ನಿನ್ನ ಒಂದು ಸಾಲೂ ಬರಲಿಲ್ಲ. ಅಪ್ಪ ಪ್ರತಿ ಭಾನುವಾರ ಪತ್ರ ಬಂತೇ ಎಂದು ಕೇಳುತ್ತಿದ್ದ. ಹಳೆಯ ಪತ್ರವನ್ನೇ ಕೈಯಲ್ಲಿ ಹಿಡಿದು ಹೊಸದಾಗಿ ಓದಿದೆ. ಎಜಿದಿಯೊ ನಡೆದ, ಎಜಿದಿಯೊ ಓದು ಕಲಿತ, ಮಲಗುವ ಮೊದಲು ಅಜ್ಜನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾನೆ, ನಮ್ಮ ಮಾತನ್ನು ನಮ್ಮೂರಿನ ಹುಡುಗರಿಗಿಂತ ಚೆಂದ ಆಡುತ್ತಾನೆ. ಬಾಂಬು ಬೀಳುವಾಗ ನೆಲಮಾಳಿಗೆಯಲ್ಲಿ ಅಕ್ಕಪಕ್ಕದವರೆಲ್ಲ ಕೂತು ಅವನ ಕಥೆ ಕೇಳಿದರು. ಆಮೇಲೆ ನಿನ್ನ ನಿಜವಾದ ಪತ್ರಗಳು ಬಂದವು, ಆದರೆ ಅವುಗಳಲ್ಲಿದ್ದ ಹುಡುಗ ನಮ್ಮವನಾಗಿರಲಿಲ್ಲ. ಓದಲು ಮನಸ್ಸು ಬರಲಿಲ್ಲ. ನನ್ನ ಹುಡುಗನನ್ನೇ ಓದುತ್ತಾ ಹೋದೆ. ನನಗೂ ಅವನು ಬೇಕಾಗಿದ್ದ ಸಾರೊ. ನನಗೆ ಬೇರೆ ಯಾರಿದ್ದಾರೆ?

ನೀವು ಬರುತ್ತೀರಿ ಎಂದಾಗ ನನಗೆ ಕಂಡದ್ದು ಇಷ್ಟೇ. ಚೌಕದಲ್ಲಿ ಬಸ್ಸಿನಿಂದ ಒಬ್ಬ ಹುಡುಗ ಇಳಿಯುತ್ತಾನೆ, ಊರೆಲ್ಲ ಎಜಿದಿಯೊ ಎಂದು ಕೂಗುತ್ತದೆ, ಅವನು ತಿರುಗಿಯೂ ನೋಡುವುದಿಲ್ಲ. ಆ ನಾಚಿಕೆಗೆ ಹೆದರಿದೆ. ನೆಪವನ್ನು ಅಪ್ಪನ ಎದೆಯ ಮೇಲೆ ಹಾಕಿದೆ.

ಆಗಸ್ಟ್ ಕೊನೆಗೆ ಅಪ್ಪ ಹಾಸಿಗೆ ಹಿಡಿದ. ತನ್ನ ಹೆಸರಿನ ಹಬ್ಬದ ದಿನ ನನ್ನನ್ನು ಹತ್ತಿರ ಕರೆದು, ಹುಡುಗ ತನ್ನ ಕೈಯಿಂದಲೇ ಹೆಸರು ಬರೆದು ಕಳಿಸಲಿ, ಆ ಕಾಗದವನ್ನು ತನ್ನ ಶವಪೆಟ್ಟಿಗೆಯಲ್ಲಿ ಇಡಬೇಕು ಎಂದ. ಅದೊಂದು ಸುಳ್ಳು ನನ್ನಿಂದಾಗಲಿಲ್ಲ. ಹಾಸಿಗೆಯ ಪಕ್ಕ ಮಂಡಿಯೂರಿ ಎಲ್ಲ ಹೇಳಿಬಿಟ್ಟೆ.

ಆಮೇಲೆ ಕೇಳಿದ, ಮೊದಲನೆಯವನು ಎಷ್ಟು ದಿನ ಇದ್ದ? ಎರಡನೆಯವನು ಎಷ್ಟು ತಿಂಗಳು? ಪೆಟ್ಟಿಗೆ ಯಾರು ಮಾಡಿದರು, ಯಾವ ಮರ? ಮರ ನನಗೆ ಗೊತ್ತಿರಲಿಲ್ಲ.

"ಹಂಗಾದ್ರೆ ನಾನು ಆ ದೇಶದಲ್ಲಿ ಆಗ್ಲೇ ಎರಡು ಸಲ ಸತ್ತಿದ್ದೀನಿ. ಇನ್ನೊಂದು ಸಲಕ್ಕೆ ಏನಂತೆ" ಎಂದ. ಫಿಲಿಪ್ಪಾ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆ ಹುಡುಗಿ ಇದನ್ನೆಲ್ಲ ಒಬ್ಬಳೇ ಹೊತ್ತಳೇ ಎಂದು ಎರಡು ಸಲ ಕೇಳಿದ. ಬದುಕಿರುವವನ ಹೆಸರು ಏನೆಂದೆ ಎಂದ. ಹೇಳಿದೆ. ಹಲ್ಲಿಲ್ಲದ ಬಾಯಲ್ಲಿ ಹೇಳಿ ನೋಡಿದ, ನಾಲಗೆ ಹೊರಳಲಿಲ್ಲ. ಫೋಟೊ ತರಿಸಿ ಕಣ್ಣಿಗೆ ಒತ್ತುವಷ್ಟು ಹತ್ತಿರ ಹಿಡಿದುಕೊಂಡು, ಮೂಗು ನಿಜವಾಗಿ ಯಾರದು ಎಂದ. ನಿನ್ನದೇ ಅಪ್ಪಾ, ಅದು ಸುಳ್ಳಲ್ಲ ಎಂದೆ.

ಆಮೇಲೆ ನೀವು ಬರಲು ಹೊರಟದ್ದನ್ನೂ, ನಾನು ತಡೆದದ್ದನ್ನೂ ಹೇಳಿದೆ. ಆಗ ಅವನು ನನ್ನ ಕಡೆ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು.

"ಹೆಸರು ಬೇಕಿತ್ತು ಮಗಳೇ, ಇಲ್ಲ ಅನ್ನಲ್ಲ. ಹುಡುಗ ಸಿಗಲ್ಲ ಅಂತ ಹೆಸರು ಹಿಡ್ಕೊಂಡು ಕೂತಿದ್ದೆ. ಹುಡುಗನೇ ಬರೋ ಹಾಗಿದ್ರೆ ಹೆಸರು ತಗೊಂಡು ಏನು ಮಾಡ್ಲಿ?"

ಆಮೇಲಿನ ಆರು ದಿನ ಬಾಗಿಲ ಕಡೆಯೇ ಮುಖ ಮಾಡಿಕೊಂಡು ಮಲಗಿದ್ದ.

ನಿನ್ನೆ ಸತ್ತವರ ದಿನ. ಚರ್ಚಿನಲ್ಲಿ ಓದುವ ಪಟ್ಟಿಗೆ ನಮ್ಮ ಮನೆಯಿಂದ ಹೊಸದಾಗಿ ಮೂರು ಹೆಸರು ಕೊಟ್ಟೆ. ಪಾದ್ರಿ ಎಜಿದಿಯೊ, ಎಜಿದಿಯೊ, ಎಜಿದಿಯೊ ಎಂದು ಓದಿದರು. ಮುದಿ ಪಾದ್ರಿಗೆ ಸಾಲು ತಪ್ಪಿತು ಎಂದು ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಎದ್ದು ನಿಂತು ಎಲ್ಲರ ಎದುರು ಹೇಳಿದೆ. ಮೂವರು ಯಾರೆಂದು, ಬದುಕಿರುವವನ ಹೆಸರೇನೆಂದು, ನಾನು ಹದಿಮೂರು ವರ್ಷ ಓದಿದ್ದು ಏನೆಂದು. ಈಗ ಊರಿನಲ್ಲಿ ಯಾರೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಅದು ಸರಿಯೇ.

ಕ್ಷಮಿಸು ಎಂದು ಕೇಳುತ್ತಿಲ್ಲ. ನೀನು ನನ್ನ ಋಣ ಎಂದು ಬರೆದಿದ್ದೆಯಲ್ಲ, ಅದನ್ನು ಹಿಂದಕ್ಕೆ ತೆಗೆದುಕೊ.

ವೆನೆರಾ


ಇನ್ನಿಸ್‌ಫೇಲ್ ಹತ್ತಿರ
17 ಮೇ 1953

ವೆನೆರಾ ಅಕ್ಕನಿಗೆ,

ಒಂದೂವರೆ ವರ್ಷ ಬರೆಯಲಿಲ್ಲ. ಬರೆಯಬಾರದು ಎಂದೇ ಬರೆಯಲಿಲ್ಲ. ನಿನ್ನ ಪತ್ರವನ್ನೂ ಮರಣಪತ್ರವನ್ನೂ ಬೀರುವಿನ ಕೆಳಗಿನ ಖಾನೆಯಲ್ಲಿ ಹಗ್ಗ, ಗಾಳದ ದಾರಗಳ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಅಪ್ಪ ಹೋದ ಎಂದಷ್ಟೇ ಫಿಲಿಪ್ಪಾಗೆ ಹೇಳಿದ್ದೆ. ಟಿಕೆಟು ನನ್ನ ಕೈಯಲ್ಲಿತ್ತು ಅಕ್ಕಾ. ಆ ಹಡಗು ಹೊರಟ ದಿನ ನಾನು ಕಬ್ಬಿನ ನಡುವೆ ನಿಂತು ಗಂಟೆ ನೋಡಿಕೊಂಡಿದ್ದೆ. ಅಪ್ಪ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದನ್ನು ಓದಿದ ಮೇಲೆ ನಿನಗೆ ಏನು ಬರೆಯಲಿ? ಸಿಟ್ಟು ಪೂರ್ತಿ ಹೋಗಿದೆ ಎಂದು ಈಗಲೂ ಹೇಳಲಾರೆ.

ಆದರೆ ನನ್ನದೂ ಒಂದು ಬಾಕಿ ಇದೆ. ನೀನು ಸುಳ್ಳು ಹುಡುಗನನ್ನು ಅಪ್ಪನಿಗೆ ಕೊಟ್ಟೆ. ನಾನು ನನ್ನ ಮಗನಿಗೆ ಅಜ್ಜನನ್ನೇ ಕೊಡಲಿಲ್ಲ. ಲೆಸ್ಲಿಗೆ ಅಜ್ಜನ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಎತ್ತುವ ಹಾಗಿರಲಿಲ್ಲವಲ್ಲ. ಹಡಗಿನಲ್ಲಿ ಹೇಳೋಣ ಎಂದುಕೊಂಡಿದ್ದೆ. ಚರ್ಚಿನ ಹಿಂದಿನ ಎರಡು ಪುಟ್ಟ ಸಮಾಧಿ ತನ್ನ ಅಣ್ಣಂದಿರದು ಎಂದು ಅವನಿಗೆ ಗೊತ್ತು, ಆದರೆ ಅವುಗಳ ಮೇಲೆ ಫಿಲಿಪ್ಪಾ ತಾರೀಖು ಮಾತ್ರ ಕೆತ್ತಿಸಿದ್ದಾಳೆ. ನಾನೂ ಬೇಡ ಎನ್ನಲಿಲ್ಲ.

ಕಳೆದ ಭಾನುವಾರ ಅವನು ಗಾಳದ ದಾರ ಹುಡುಕುತ್ತಾ ಆ ಖಾನೆ ತೆಗೆದ. ಹದಿನೈದು ವರ್ಷದವನು, ಮೀಸೆ ಚಿಗುರುತ್ತಿದೆ. ಕಪ್ಪು ಅಂಚಿನ ಕಾಗದ ಹಿಡಿದುಕೊಂಡು ಅಡುಗೆಮನೆಗೆ ಬಂದ. ನಾನು ಬೂಟು ಕಳಚುತ್ತಿದ್ದೆ. ಫಿಲಿಪ್ಪಾ ಒಲೆಯ ಮುಂದೆ ಬದನೆಕಾಯಿ ಕರಿಯುತ್ತಿದ್ದಳು. ಇದರ ಮೇಲೆ ನಮ್ಮ ಮನೆತನದ ಹೆಸರಿದೆ, ಯಾರಿದು ಎಂದು ಕೇಳಿದ. ಕೇಳಿ, ದಪ್ಪ ಅಕ್ಷರದಲ್ಲಿದ್ದ ಆ ಹೆಸರನ್ನು ಜೋರಾಗಿ ಓದಿದ. ಇಲ್ಲಿಯವರು ಓದುವ ಹಾಗೆ, ಎಲ್ಲವನ್ನೂ ತಿರುಚಿ, ಅಕ್ಷರ ಅಕ್ಷರ ಒಡೆದು.

ಹದಿನೈದು ವರ್ಷದಿಂದ ಫಿಲಿಪ್ಪಾಳ ಕಿವಿಗೆ ಬಿದ್ದಿರದ ಹೆಸರು. ನಾನು ಒಂದು ಬೂಟು ಹಾಕಿಕೊಂಡೇ ಎದ್ದು ನಿಂತೆ. ಅವಳು ಎಂದಿನಂತೆ ಹೊರಗೆ ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಬಾಣಲೆ ಕೆಳಗಿಟ್ಟಳು. ನಮ್ಮ ಮಾತಿನಲ್ಲಿ, ಎಷ್ಟೋ ವರ್ಷದಿಂದ ಅವನ ಜೊತೆ ಆಡದೇ ಇದ್ದ ನಮ್ಮ ಮಾತಿನಲ್ಲೇ, "ಹಂಗಲ್ಲ ಮಗಾ" ಎಂದಳು.

ಅವನಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದ. ಫಿಲಿಪ್ಪಾ ಕೈ ಒರೆಸಿಕೊಂಡು ಅವನ ಹತ್ತಿರ ಬಂದಳು. ಕಾಗದದ ಮೇಲೆ ಬೆರಳಿಟ್ಟು ಆ ಹೆಸರನ್ನು ತಾನೇ ಹೇಳಿದಳು. ಎಷ್ಟು ಮೆಲ್ಲಗೆ ಹೇಳಿದಳೆಂದರೆ, ತೊಟ್ಟಿಲ ಹತ್ತಿರ ಹಾಗೆ ಹೇಳುತ್ತಿದ್ದದ್ದು ನನಗೆ ನೆನಪಾಯಿತು. ಅವನು ಅವಳ ಬಾಯಿಯನ್ನೇ ನೋಡುತ್ತಾ ಹೇಳಿದ. ತಪ್ಪಿತು. ಮತ್ತೆ ಹೇಳಿದ. ಮೂರನೆಯ ಸಲಕ್ಕೆ ಸರಿಯಾಗಿ ಬಂತು ಅಕ್ಕಾ, ಅಪ್ಪನನ್ನು ಚೌಕದಲ್ಲಿ ಕರೆಯುತ್ತಿದ್ದ ಹಾಗೆಯೇ.

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಇನ್ನೊಂದ್ಸಲ ಹೇಳು" ಎಂದಳು.

ನಿನ್ನ ತಮ್ಮ,
ಸಾರೊ